ರವಿವಾರ ಹನ್ನೊಂದಕ್ಕೆ ಹೋಗುವ ಲೈನು

ಶಿವಬಸವ್ವ ಮೊರದ ತುಂಬ ಶೇಂಗಾ ಹಾಕಿಕೊಂಡು ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಒಡೆಯುತ್ತಿದ್ದಳು. ಚಟ್ನಿಪುಡಿಗೆ ಇನ್ನೂ ಒಂದು ಸೇರು ಕಾಳು ಬೇಕಿತ್ತು. ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ, ಮುರುಟಿದ್ದು ಬಾಯಿಗೆ, ಹೀಗೆ ಕೈ ತನ್ನ ಪಾಡಿಗೆ ತಾನು ನಡೆದಿರುವಾಗ ಒಳಗಿನ ಕೋಣೆಯಿಂದ ಮಗನ ದನಿ ಬಂತು.

“ಮತ್ತ ಹೋತು.”

ಅವಳು ಗಡಿಯಾರ ನೋಡಿದಳು. ಹನ್ನೊಂದು ಹೊಡೆದು ಎರಡು ನಿಮಿಷ. ಹೋದ ರವಿವಾರವೂ ಹೀಗೆಯೇ ಆಗಿತ್ತು, ಅದರ ಹಿಂದಿನ ರವಿವಾರವೂ ಹೀಗೆಯೇ. ವಾರವೆಲ್ಲ ನೆಟ್ಟಗಿರುವ ಇಂಟರ್ನೆಟ್ಟಿನ ಲೈನು ರವಿವಾರ ಹನ್ನೊಂದಾಯಿತೆಂದರೆ ಯಾರೋ ಕರೆದಂತೆ ಎದ್ದು ಹೋಗುತ್ತಿತ್ತು.

“ಬರತೈತಿ, ತಡೀ,” ಎಂದಳು ಕೂತಲ್ಲಿಂದಲೇ.

“ಬರೂದ್ರೊಳಗ ಉಳಿದ ಏಳು ಮಂದಿ ಗೆದ್ದು, ಉಂಡು, ಮಲಗಿರತಾರವಾ.”

ಪ್ರಸಾದ ಅವಳ ಒಬ್ಬನೇ ಮಗ. ಮೂವತ್ತೆರಡರ ಗಂಡಸು. ದಿನಾ ಮುಂಜಾನೆ ಖಾನಾಪುರದಿಂದ ಬಸ್ಸು ಹಿಡಿದು ಬೆಳಗಾವಿಗೆ ಹೋಗಿ, ಆಟೋ ನಗರದ ಒಂದು ಕಾರ್ಖಾನೆಯಲ್ಲಿ ಸಂಜೆತನಕ ಲೇಥ್ ಮಶೀನಿನ ಮುಂದೆ ನಿಂತು ಬರುವವನು. ವಾರದಲ್ಲಿ ಅವನದು ಅಂತ ಇದ್ದದ್ದು ರವಿವಾರದ ಮುಂಜಾನೆಯೊಂದೇ. ನಾಲ್ಕು ತಿಂಗಳ ಹಿಂದೆ, ಫೋನಿನ ತಂತಿಯಲ್ಲೇ ಇಂಟರ್ನೆಟ್ಟೂ ಬರುವುದು ಖಾನಾಪುರಕ್ಕೆ ಹೊಸದಾಗಿ ಮುಟ್ಟಿದಾಗ, ಅವನು ಒಂದು ಕರಿಯ ಆಟದ ಪೆಟ್ಟಿಗೆ ತಂದು ಟಿವಿಗೆ ಜೋಡಿಸಿದ್ದ. ಪುರಾಣದ ಪುಸ್ತಕದಷ್ಟು ದಪ್ಪ, ಅಷ್ಟೇ ಅಗಲ. ಮೊದಲ ದಿನ ಅವ್ವನನ್ನು ಕರೆದು ಬಾಜೂಕ್ಕೆ ಕೂರಿಸಿಕೊಂಡು ತೋರಿಸಿದ್ದ.

“ನೋಡವಾ, ಈ ಕೆಂಪು ಗಾಡಿ ನಂದು. ಹಳದೀದು ನಮ್ಮ ಕಾರ್ಖಾನಿ ಅಮರಂದು. ಅವ ಬೆಳಗಾವ್ಯಾಗ ತನ್ನ ಮನ್ಯಾಗ ಕುಂತಾನ. ಆ ಬಿಳೇದು ಜಪಾನದಾವಂದು.”

“ಜಪಾನದಾವ ಈಗ ಖರೇನ ಅಲ್ಲಿ ಕುಂತಾನ?”

“ಕುಂತಾನ. ಅವ ಅಲ್ಲಿ ಬಟನ್ ಒತ್ತಿದ್ರ ಇಲ್ಲಿ ಗಾಡಿ ಹೊಳ್ಳತೈತಿ.”

“ನಮ್ಮ ಗ್ವಾಡಿಗೆ ಹಚ್ಚಿದ ಈ ವೈರಿನಾಗ?”

“ಇದರಾಗ. ನಮ್ಮ ಕಂಬದಿಂದ ಬೆಳಗಾವಿಗೆ, ಅಲ್ಲಿಂದ ಮುಂಬೈಕ್ಕ, ಅಲ್ಲಿಂದ ಸಮುದ್ರದ ಬುಡಕ ಹಾಸಿದ ವೈರಿನಾಗ. ರೆಪ್ಪಿ ಬಡಿಯೂದರಾಗ ಹೋಗಿ ಬರತೈತಿ.”

ಶಿವಬಸವ್ವ ಬೇಕೆಂದೇ ಒಮ್ಮೆ ರೆಪ್ಪೆ ಬಡಿದು ನೋಡಿದಳು. ಅಷ್ಟರಲ್ಲಿ ಬಿಳಿಯ ಗಾಡಿ ಒಂದು ತಿರುವು ದಾಟಿತ್ತು. ಮಳೆಗಾಲದಲ್ಲಿ ಜಾಂಬೋಟಿಗೆ ಹೋಗಿ ಬರಲು ಎರಡು ದಿನ ಹಿಡಿಯುತ್ತಿದ್ದ ಕಾಲವನ್ನು ಕಂಡವಳು ಅವಳು. ಮುಖವೇ ಕಾಣದ ಯಾವನೋ ಮನುಷ್ಯನ ಹೆಬ್ಬೆರಳು ಸಮುದ್ರ ದಾಟಿ ಬಂದು ತನ್ನ ಮನೆಯ ಟಿವಿಯಲ್ಲಿ ಆಡುತ್ತಿದೆ ಎಂಬುದು ಅವಳ ಎದೆಯಲ್ಲಿ ಬಹಳ ಹೊತ್ತು ಕೂತಿತು. ಕೈ ತಾನಾಗಿಯೇ ಕೊರಳ ಲಿಂಗಕ್ಕೆ ಹೋಗಿತ್ತು. ಆಮೇಲೆ ಅವಳ ಕಣ್ಣು ಟಿವಿಯ ಹಿಂದಿನ ಗೋಡೆಗೆ ಹೋಯಿತು. ಒಂದು ಮೊಳ ದಪ್ಪದ ಮಣ್ಣಿನ ಗೋಡೆ. ಅದರ ಆಚೆ ನಿಂಗವ್ವ ಇದ್ದಳು. ಆ ಗೋಡೆಯನ್ನು ದಾಟಿ ಒಂದು ಮಾತು ಹೋಗಿ ಏಳು ವರ್ಷವಾಗಿತ್ತು.

ನಿಂಗವ್ವ ಎಂದರೆ ಶಿವಬಸವ್ವನ ನೆಗೆಣ್ಣಿ, ಮೈದುನ ಕಲ್ಲಯ್ಯನ ಹೆಂಡತಿ. ಮನೆ ಒಂದೇ ಇದ್ದಾಗ ಇಬ್ಬರೂ ಒಂದೇ ಒಲೆಯ ಮುಂದೆ ಇಪ್ಪತ್ತು ವರ್ಷ ರೊಟ್ಟಿ ಬಡಿದವರು. ಶಿವಬಸವ್ವನ ಗಂಡ ಈರಯ್ಯನಿಗೆ ಕಾಮಣಿಯಾಗಿ ಮೈ ಹಳದಿ ತಿರುಗಿದಾಗ, ಜಾಂಬೋಟಿ ಕಡೆಯ ತವರಿಗೆ ಹೋಗಿ, ಸುರಿಯುವ ಮಳೆಯಲ್ಲಿ ಕಾಡು ಹೊಕ್ಕು ಬೇರಿನ ಔಷಧ ತಂದವಳು ನಿಂಗವ್ವ. ಒಂಬತ್ತನೆಯ ದಿನ ಈರಯ್ಯ ತೀರಿಕೊಂಡ. ಹೆಣದ ಮುಂದೆ ಕೂತ ಶಿವಬಸವ್ವ, ಓಣಿಯ ಮಂದಿಯೆಲ್ಲ ನಿಂತಿರುವಾಗ, “ನಿನ್ನ ಔಷಧಾನ ಇವರನ್ನ ತಿಂತು” ಎಂದುಬಿಟ್ಟಳು. ನಿಂಗವ್ವ ಕೊರಳ ಲಿಂಗವನ್ನು ಮುಟ್ಟಿ, ಇನ್ನು ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಹೇಳಿ ಎದ್ದು ಹೋದಳು. ತಿಂಗಳೊಪ್ಪತ್ತಿನಲ್ಲಿ ಮನೆ ಎರಡಾಯಿತು.

ವರ್ಷದ ಮೇಲೆ ಬೆಳಗಾವಿಯ ಡಾಕ್ಟರರೊಬ್ಬರು ಹಳೆಯ ಕಾಗದಗಳನ್ನು ನೋಡಿ, ಈರಯ್ಯನ ಲಿವರು ಔಷಧಕ್ಕಿಂತ ಎಷ್ಟೋ ಮೊದಲೇ ಹೋಗಿತ್ತು, ಬೇರಿನಿಂದ ಏನೂ ಆದದ್ದಲ್ಲ ಎಂದರು. ಅಂದೇ ಶಿವಬಸವ್ವ ನಿಂಗವ್ವನ ಬಾಗಿಲಿಗೆ ಹೋದಳು. ಬಾಗಿಲು ತೆರೆಯಲಿಲ್ಲ. ಆಗ ಪತ್ರ ಬರೆದಳು. ಸಂಜೆಯ ಸಾಲಿಯಲ್ಲಿ ನಲವತ್ತು ದಾಟಿದ ಮೇಲೆ ಕಲಿತ ಅಕ್ಷರ; ಒಂದು ಹಾಳೆ ತುಂಬಲು ನಾಲ್ಕು ದಿನ ಹಿಡಿಯಿತು. ಬರೆದ ಮೇಲೆ ಹೊಳೆಯಿತು: ನಿಂಗವ್ವ ಓದಿದ್ದು ಮರಾಠಿ ಸಾಲಿಯಲ್ಲಿ, ಕನ್ನಡ ಅವಳಿಗೆ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಹಾಗಾದರೆ ಯಾರೋ ಓದಿ ಹೇಳಬೇಕು. ಮತ್ತೊಬ್ಬರ ಬಾಯಿಂದ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲದೆ, ಪಂಚಾಯಿತಿಯ ನೋಟಿಸು ಓದಿದ ಹಾಗೆ ಓದಿದರೆ ಆ ಮಾತಿನ ಗತಿ ಏನು? ಹಾಗೆಂದು ಪತ್ರ ಟ್ರಂಕು ಸೇರಿತು. ರಾಮತೀರ್ಥ ನಗರದಲ್ಲಿರುವ ತಂಗಿ ಗುರುಸಿದ್ದವ್ವ ವಾರವಾರ ಫೋನಿನಲ್ಲಿ ಕೇಳುತ್ತಲೇ ಇದ್ದಳು, “ಪತ್ರಾ ಕೊಟ್ಟಿಯೇನ ಅಕ್ಕಾ?” ಎಂದು. ಶಿವಬಸವ್ವ, “ಇನ್ನಾ ಇಲ್ಲವಾ, ನೋಡೂಣು” ಎನ್ನುತ್ತಲೇ ಇದ್ದಳು. ನೋಡೂಣು ನೋಡೂಣು ಎನ್ನುತ್ತ ಆರು ವರ್ಷ ಕಳೆದವು.

ಈಗ ಮಗನ ಲೈನಿನ ಮಾತು. ಪ್ರಸಾದ ಸುಮ್ಮನೆ ಕೂತವನಲ್ಲ. ಕೇಬಲ್ಲು ಬದಲಿಸಿದ. ಮೋಡೆಮ್ಮನ್ನು ಕೋಣೆಯ ನಾಲ್ಕೂ ಮೂಲೆಗೆ ಇಟ್ಟು ನೋಡಿದ. ಕಂಬದ ಮೇಲಿನ ಜೋಡಣೆ ತೆಗೆದು ಹೊಸದು ಮಾಡಿಸಿದ. ಒಂದು ರವಿವಾರವಂತೂ ಕಾಗದದ ಮೇಲೆ ನಂಬರು ಬರೆದುಕೊಂಡು ಬಂದು ಮೋಡೆಮ್ಮಿನ ಪೋರ್ಟ್ ಎಂಬ ಬಾಗಿಲು ತೆಗೆಯಲು ಕೂತ.

“ಅದಕ್ಕ ಬಾಗಲಾ ಎಲ್ಲಿ ಐತಿ?” ಎಂದಿದ್ದಳು ಶಿವಬಸವ್ವ.

“ಒಳಗ ಅದಾವು. ಕಣ್ಣಿಗೆ ಕಾಣೂದಿಲ್ಲ. ಅರವತ್ತೈದು ಸಾವಿರ. ಈ ಆಟದ್ದು ಯಾವ ಬಾಗಲಾ ಅದನ್ನಷ್ಟ ತಗೀಬೇಕು.”

“ಅರವತ್ತೈದು ಸಾವಿರ ಹೊಸ್ತಲಕ್ಕ ರಂಗೋಲಿ ಹಾಕಾಕಿ ಯಾವಾಕಿಯೋ ಪಾಪ,” ಎಂದು ಅವಳು ನಕ್ಕಿದ್ದಳು. ಆದರೆ ಮೋಡೆಮ್ಮಿನ ಆ ಪೆಟ್ಟಿಗೆಯನ್ನು ಒರೆಸುವಾಗ ಅಂದಿನಿಂದ ಕೈ ತುಸು ಹಗುರಾಗಿ ಆಡುತ್ತಿತ್ತು.

ಬಾಗಿಲು ತೆಗೆದರೂ ಹನ್ನೊಂದಕ್ಕೆ ಲೈನು ಹೋಗುವುದು ನಿಲ್ಲಲಿಲ್ಲ. ಕಡೆಗೆ ಪ್ರಸಾದ ಬೆಳಗಾವಿಯಿಂದ ಪ್ರಮಿಳಾಳನ್ನು ಕರೆಸಿದ. ಟಿವಿ, ಫೋನು, ಇಂಥ ಆಟದ ಪೆಟ್ಟಿಗೆ ಎಲ್ಲವನ್ನೂ ಬಿಚ್ಚಿ ಜೋಡಿಸುವ ಸಣ್ಣ ಅಂಗಡಿ ಅವಳದು. ಬಸ್ಸು ತಡವಾಗಿ, ಈ ರವಿವಾರ ಅವಳು ಅಂಗಳಕ್ಕೆ ಬಂದಾಗ ಹನ್ನೊಂದೂ ಐದು; ಅಷ್ಟರಲ್ಲಿ ಹೋದ ಲೈನು ತಿರುಗಿ ಬಂದಿತ್ತು. ಹೆಗಲಲ್ಲಿ ಕ್ಯಾನ್ವಾಸಿನ ಚೀಲ, ನಲವತ್ತರ ಆಸುಪಾಸಿನ ಹೆಂಗಸು.

“ಬರ್ರಿ, ಕುಂದರ್ರಿ. ಚಾ ಮಾಡ್ತೀನಿ,” ಎಂದು ಶಿವಬಸವ್ವ ಮೊರ ಬದಿಗಿಟ್ಟಳು.

“ಚಾ ಆಮ್ಯಾಲ, ಅಮ್ಮಾರ. ಮದಲ ಬ್ಯಾನಿ ಏನಂತ ನೋಡೂಣು.”

ಪ್ರಸಾದ ಒಂದೇ ಉಸಿರಿನಲ್ಲಿ ಶುರುಮಾಡಿದ. “ಅಕ್ಕಾರ, ಕೇಬಲ್ ಬದಲಿ ಮಾಡೀನ್ರಿ, ಪೋರ್ಟ್ ತಗದೀನ್ರಿ, ಕಂಬಾ ನೋಡಿಸೀನ್ರಿ. ಹನ್ನೆರಡಕ್ಕ ಕಡೀ ರೇಸ್ ಐತ್ರಿ. ಇವತ್ತೂ ನಡುವ ಹೋತಂದ್ರ ಅಮರ ನನ್ನ ಜಾಗಾದಾಗ ಕೊಲ್ಲಾಪುರದಾವನ್ನ ಕುಂದರಸತೀನಿ ಅಂದಾನ.”

“ನೀವು ಮಾಡಿದ್ದು ಸಾಕು. ಈಗ ಯಾರೂ ಏನೂ ಮಾಡಬ್ಯಾಡ್ರಿ.” ಅವಳು ಚೀಲ ಇಳಿಸಿ ನೆಲದ ಮೇಲೆಯೇ ಕೂತಳು. “ನಮ್ಮಪ್ಪ ಕುರಿ ಕಾಯತಿದ್ದ. ಒಂದು ಕುರಿ ತಪ್ಪಿದ್ರ ಹಿಂಡಿನಾಗ ಕೈ ಹಾಕಿ ಹುಡುಕಾವಲ್ಲ. ಸುಮ್ನ ಕುಂತು, ಯಾವ ಕಡೆ ಹೆಜ್ಜಿ ಮೂಡ್ಯಾವ ಅಂತ ನೋಡಾವ.”

ಗೋಡೆಯ ಮೇಲೆ ಫೋನಿನ ತಂತಿ ಬಂದು ಸೇರುವ ಸಣ್ಣ ಡಬ್ಬಿಯ ಮುಚ್ಚಳ ತೆಗೆದು, ಅದಕ್ಕೆ ಮೀಟರಿನ ಎರಡು ಎಳೆ ಹಚ್ಚಿದಳು. ಮುಳ್ಳು ಎದ್ದು ನಲವತ್ತೆಂಟಕ್ಕೆ ಹೋಗಿ ನಿಂತಿತು.

“ಲೈನ್ ಸುಮ್ನ ಮಲಗಿದಾಗ ಇಷ್ಟಿರತೈತಿ. ಯಾರರ ಫೋನ್ ಎತ್ತಿದ್ರಂದ್ರ ಇಳೀತೈತಿ. ಅಮ್ಮಾರ, ಒಮ್ಮೆ ನಿಮ್ಮ ಫೋನ್ ಎತ್ರಿ.”

ಶಿವಬಸವ್ವ ಎತ್ತಿದಳು. ಮುಳ್ಳು ಸರ್ರನೆ ಬಿದ್ದು ಹತ್ತರ ಒಳಗೆ ಬಂತು. ಇಟ್ಟಳು. ಮತ್ತೆ ಎದ್ದು ನಿಂತಿತು. ತನ್ನ ಕೈ ಎತ್ತಿದ್ದು, ಇಳಿಸಿದ್ದು, ಮೂರು ಮಾರು ಆಚೆ ಇರುವ ಒಂದು ಮುಳ್ಳಿಗೆ ಗೊತ್ತಾಗುವುದನ್ನು ಅವಳು ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡಿದಳು. ಮತ್ತೊಮ್ಮೆ ಎತ್ತಿ ಇಟ್ಟಳು, ಸುಮ್ಮನೆ.

“ಆಟಕ್ಕ ಏನೂ ಆಗಲಿಲ್ಲ ನೋಡ್ರಿ,” ಎಂದು ಪ್ರಮಿಳಾ ಮೋಡೆಮ್ಮಿನ ದೀಪ ತೋರಿಸಿದಳು. ಅದು ಹಸಿರಾಗಿ ನೆಟ್ಟಗೆ ಉರಿಯುತ್ತಿತ್ತು. “ಯಾಕಂದ್ರ ನಿಮ್ಮ ಫೋನಿನ ಹಿಂದ ಈ ಬಿಳೇ ಡಬ್ಬಿ ಐತಿ. ಇದು ಮಾತು ಬ್ಯಾರೆ, ಆಟ ಬ್ಯಾರೆ ಮಾಡಿ ಬಿಡತೈತಿ. ಇದಿಲ್ಲದ ಫೋನ್ ಎತ್ತಿದ್ರ ಮಾತ್ರ...”

ಮಾತು ಮುಗಿಯಲಿಲ್ಲ. ಯಾರೂ ಏನೂ ಮುಟ್ಟಿರಲಿಲ್ಲ. ಶಿವಬಸವ್ವನ ಎರಡೂ ಕೈ ಮಡಿಲಲ್ಲಿದ್ದವು. ಮುಳ್ಳು ತಾನಾಗಿ ಬಿತ್ತು.

ಹಸಿರು ದೀಪ ಮಿಣಮಿಣ ಎಂದಿತು. ಟಿವಿಯಲ್ಲಿ ಗಾಡಿಗಳೆಲ್ಲ ಕಲ್ಲಾಗಿ ನಿಂತವು. “ಹೋತು,” ಎಂದ ಪ್ರಸಾದ, ಮೆಲ್ಲಗೆ.

ಮೂವರೂ ಮುಳ್ಳನ್ನೇ ನೋಡಿದರು. ಹತ್ತು ಉಸಿರಾಡುವಷ್ಟು ಹೊತ್ತು ಅದು ಕೆಳಗೇ ಮಲಗಿತ್ತು. ಆಮೇಲೆ ಎದ್ದು ತನ್ನ ಜಾಗಕ್ಕೆ ಹೋಯಿತು. ಐದಾರು ನಿಮಿಷ ಕಳೆದು ಮತ್ತೆ ಬಿತ್ತು, ಮತ್ತೆ ಎದ್ದಿತು. ಏನೋ ಒಂದು ಜೀವ ಆ ತಂತಿಯೊಳಗೆ ಬಗ್ಗಿ ನೋಡಿ, ಏನೂ ಕಾಣದೆ ಹಿಂದಕ್ಕೆ ಸರಿದಂತಿತ್ತು.

“ಯಾರೋ ಫೋನ್ ಎತ್ತಿ ಕೇಳಾಕತ್ತಾರ,” ಎಂದಳು ಪ್ರಮಿಳಾ. “ಇದಕ್ಕ ಜೋಡಿ ಇನ್ನೊಂದು ಫೋನ್ ಐತಿ.”

“ಮನ್ಯಾಗ ಇರೂದ ಇದೊಂದಽ ಅಲ್ಲರಿ,” ಎಂದ ಪ್ರಸಾದ.

ಪ್ರಮಿಳಾ ನಿಚ್ಚಣಿಕೆ ಕೇಳಿ ತೆಗೆದುಕೊಂಡು, ಬ್ಯಾಟರಿ ಹಿಡಿದು, ಹಂಚಿನ ಕೆಳಗಿನ ತೊಲೆಗುಂಟ ತಂತಿಯ ಬೆನ್ನು ಹತ್ತಿದಳು. ಜೇಡರ ಬಲೆಯ ಹಿಂದೆ, ಹೊಗೆ ಹಿಡಿದು ತೊಲೆಯ ಬಣ್ಣವೇ ಆಗಿಹೋದ ಇನ್ನೊಂದು ತಂತಿ ಕವಲೊಡೆದು ಹೋಗಿತ್ತು. ಅದು ಟಿವಿಯ ಹಿಂದಿನ ಗೋಡೆಯ ನೆತ್ತಿಯಲ್ಲಿ ಒಂದು ತೂತಿನೊಳಗೆ ಇಳಿದಿತ್ತು.

“ಇದು ಆಚಿ ಮನಿಗೆ ಹೋಗೇತಿ.”

ಪ್ರಸಾದ ಹಣೆ ಒತ್ತಿಕೊಂಡ. “ಅದು ಮುತ್ಯಾನ ಕಾಲದ್ದು. ಒಂದು ಫೋನು, ಎರಡು ಕಡೆ ಎತ್ತೂ ಹಂಗ ಹಾಕಿಸಿದ್ದ. ಬ್ಯಾರೆ ಆದಾಗ ಕಲ್ಲಯ್ಯ ಕಾಕಾ ಕಿತ್ತ ಒಗದೀನಿ ಅಂದಿದ್ದ.”

“ಒಗದಿಲ್ಲ. ಗಂಟಿ ಸಪ್ಪಳ ಬಂದ್ ಮಾಡಿ ಫೋನ್ ಹಂಗ ಇಟ್ಟಿರಬೇಕು.” ಪ್ರಮಿಳಾ ಮೇಲಿನಿಂದಲೇ ಕೇಳಿದಳು, “ಅಮ್ಮಾರ, ಈ ಆಟ ಬರೂಕಿಂತ ಮದಲ ರವಿವಾರ ಹನ್ನೊಂದಕ್ಕ ಈ ಮನ್ಯಾಗ ಏನ್ ನಡೀತಿತ್ತು?”

ಶಿವಬಸವ್ವ ಫೋನಿನ ಕಡೆ ನೋಡಿದಳು.

“ನಾ ನಮ್ಮ ತಂಗಿಗೆ ಫೋನ್ ಮಾಡತಿದ್ದೆ,” ಎಂದಳು. “ವಾರಾ ವಾರಾ. ಇವನ ಆಟ ಶುರು ಆದ ಮ್ಯಾಲ ತ್ರಾಸ ಬ್ಯಾಡಂತ ಶನಿವಾರ ಸಂಜಿಗೆ ಮಾಡಾಕತ್ತೀನಿ.”

ಏಳು ವರ್ಷ ರವಿವಾರ ಹನ್ನೊಂದಕ್ಕೆ ಗೋಡೆಯ ಆಚೆ ಒಬ್ಬಳು ಫೋನೆತ್ತಿ ಕಿವಿಗೆ ಇಟ್ಟುಕೊಂಡಿದ್ದಳು. ನಾಲ್ಕು ತಿಂಗಳಿಂದ ದನಿ ಇಲ್ಲ. ಆದರೂ ಎತ್ತುತ್ತಿದ್ದಳು, ಇಡುತ್ತಿದ್ದಳು, ಮತ್ತೆ ಎತ್ತುತ್ತಿದ್ದಳು.

ಮೊದಲು ಶಿವಬಸವ್ವನ ಮೈಗೆ ಬೆಂಕಿ ಹತ್ತಿದ ಹಾಗಾಯಿತು. ಕಳ್ಳಗಿವಿ, ಎಂದುಕೊಂಡಳು. ತನ್ನ ಮಂಡಿನೋವು, ತನ್ನ ಅಳು, ಮಗನಿಗೆ ಹೆಣ್ಣು ಒಲ್ಲೆ ಎಂದವರ ಮಾತು, ನಿಂಗವ್ವನ ಮೇಲೆ ಆಡಿಕೊಂಡು ನಕ್ಕಿದ್ದು, ಎಲ್ಲ ಅವಳ ಕಿವಿಯಲ್ಲಿ. ಹಾಗೆಂದುಕೊಳ್ಳುತ್ತಲೇ ಇನ್ನೊಂದು ತಿಳಿಯಿತು. ಹಿತ್ತಲಲ್ಲಿ ಸೀನಿದರೆ ಸಂತೆಯಲ್ಲಿ ‘ನೆಗಡಿ ಹೆಂಗೈತಿ’ ಎಂದು ಕೇಳುವ ಊರು ಇದು. ಆ ಫೋನಿನಲ್ಲಿ ಆಡಿದ ಮಾತು ಏಳು ವರ್ಷದಲ್ಲಿ ಒಂದೂ ಓಣಿಯಿಂದ ತಿರುಗಿ ಬಂದಿರಲಿಲ್ಲ. ಕೇಳಿದ್ದೆಲ್ಲವನ್ನೂ ಅವಳು ತನ್ನಲ್ಲೇ ಇಟ್ಟುಕೊಂಡಿದ್ದಳು. ಪತ್ರದ ಸುದ್ದಿಯನ್ನೂ. ಬರೆದದ್ದು ಗೊತ್ತು, ಕೊಡದೆ ಇಟ್ಟದ್ದು ಗೊತ್ತು. ಆರು ವರ್ಷ ಆ ಕಡೆ ಕೂತು ಅವಳು ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದಿದ್ದಳು.

ಶಿವಬಸವ್ವ ಗೋಡೆಯನ್ನು ನೋಡಿದಳು. ಅದೇ ಮಣ್ಣು, ಅದೇ ಸುಣ್ಣ. ಅದರ ನೆತ್ತಿಯಲ್ಲಿ ಇಷ್ಟು ದಿನ ಒಂದು ಕಿವಿ ತೆರೆದೇ ಇತ್ತು.

“ಎರಡು ದಾರಿ ಅದಾವ,” ಎಂದಳು ಪ್ರಮಿಳಾ. “ಇಲ್ಲೇ ಈ ವೈರ್ ಕತ್ತರಿಸಿದ್ರ ಎರಡ ನಿಮಿಷದ ಕೆಲಸ, ಆಟ ಮತ್ತೊಮ್ಮೆ ಹೋಗೂದಿಲ್ಲ. ಇಲ್ಲಾಂದ್ರ ಆಚಿ ಫೋನಿಗೂ ಒಂದು ಬಿಳೇ ಡಬ್ಬಿ ಹಚ್ಚಬೇಕು. ಅದಕ್ಕ ಅವರ ಮನಿ ಒಳಗ ಹೋಗಬೇಕು.”

“ಕತ್ತರಿಸಿಬಿಡ್ರಿ ಅಕ್ಕಾರ,” ಎಂದ ಪ್ರಸಾದ. “ಆ ಬಾಗಲಾ ತಗಿಯೂದಿಲ್ಲ.”

ಪ್ರಮಿಳಾಳ ಕೈಯಲ್ಲಿ ಕಟರು ಇತ್ತು. ಅವಳು ಶಿವಬಸವ್ವನ ಮುಖ ನೋಡಿದಳು.

“ಇಳಿ ತಂಗಿ,” ಎಂದಳು ಶಿವಬಸವ್ವ. “ಅದನ್ನ ಚೀಲದಾಗಿಡು.”

“ಅವ್ವಾ, ಹನ್ನೆರಡಕ್ಕ—”

“ನಾಲ್ಕ ತಿಂಗಳಾತು, ನೀ ಜಪಾನದಾವನ ಕೂಡ ಆಡಿದಿ. ನಾ ಏನರ ಅಂದ್ನ್ಯಾ? ಇವತ್ತ ನನ್ನ ಪಾಳಿ.”

ಅವಳು ಒಳಗೆ ಹೋಗಿ ಟ್ರಂಕು ತೆಗೆದಳು. ಹೊರಗೆ ಬಂದಾಗ ಅವಳ ಕೈಯಲ್ಲಿ ಮಡಿಕೆಯ ಗೆರೆಯಲ್ಲಿ ಹರಿಯಲು ಬಂದ ಒಂದು ಹಾಳೆ ಇತ್ತು. ಪ್ರಸಾದ ಅದನ್ನು ನೋಡಿದ. ಅದೇನೆಂದು ಅವನಿಗೆ ಗೊತ್ತಿತ್ತು. ಅವನು ಮೊಬೈಲು ತೆಗೆದು ಅಮರನಿಗೆ ಹಚ್ಚಿದ.

“ಕೊಲ್ಲಾಪುರದಾವನ್ನ ಕುಂದರಸ್ಕೊಳಪಾ. ಇಲ್ಲ, ಲೈನ್ ಛಲೋ ಐತಿ. ನಮ್ಮವ್ವಗ ಬೇಕಾಗೇತಿ.” ಆ ಕಡೆಯಿಂದ ಏನೋ ಬೈಗುಳ ಬಂದಿರಬೇಕು. “ಹೂಂ, ನಾಳಿ ಕಾರ್ಖಾನ್ಯಾಗ ಬೈಯಿ, ಈಗ ಇಡು,” ಎಂದು ಇಟ್ಟ.

“ಮೋಡೆಮ್ ಬಂದ್ ಮಾಡ್ರಿ,” ಎಂದಳು ಪ್ರಮಿಳಾ. “ಅದು ಚಾಲೂ ಇದ್ರ ಡಬ್ಬಿ ಇಲ್ಲದ ಫೋನಿನಾಗ ಮಳಿ ಸುರಿದಂಗ ಸಪ್ಪಳ ಬರತೈತಿ. ಪಾಪ, ಅವರು ನಾಲ್ಕ ತಿಂಗಳು ಆ ಮಳ್ಯಾಗ ನಿಮ್ಮ ದನಿ ಹುಡುಕ್ಯಾರ.”

ಪ್ರಸಾದ ತಾನೇ ಬಗ್ಗಿ ಸ್ವಿಚ್ಚು ಆರಿಸಿದ.

ಇನ್ನು ಕಾಯುವುದಷ್ಟೇ. ಮೂವರೂ ಮೀಟರಿನ ಸುತ್ತ ಕೂತರು. ಹನ್ನೊಂದೂ ಇಪ್ಪತ್ತೈದಾಯಿತು. ಮುಳ್ಳು ಅಲುಗಲಿಲ್ಲ. ಹನ್ನೊಂದೂವರೆಯಾಯಿತು. ಬೇಸತ್ತು ಎದ್ದು ಹೋದಳೇನೋ, ಎಂದುಕೊಂಡಳು ಶಿವಬಸವ್ವ. ಅಕ್ಕಿ ಇಡುವ ಹೊತ್ತು. ಕನ್ನಡಕದ ಗಾಜು ಸೆರಗಿನಿಂದ ಒರೆಸಿದಳು, ಹಾಕಿಕೊಂಡಳು, ಮತ್ತೆ ತೆಗೆದು ಒರೆಸಿದಳು. ಸಮುದ್ರ ದಾಟಿ ಬರುವ ಹೆಬ್ಬೆರಳನ್ನು ಕಂಡಾಗಲೂ ಅವಳ ಎದೆ ಹೀಗೆ ಹೊಡೆದುಕೊಂಡಿರಲಿಲ್ಲ.

ಮುಳ್ಳು ಬಿತ್ತು.

“ಬಂದ್ರು,” ಎಂದಳು ಪ್ರಮಿಳಾ ಪಿಸುಮಾತಿನಲ್ಲಿ. “ಎತ್ರಿ. ಗುಂಯ್ ಅಂತೈತಿ. ಯಾವುದರ ಒಂದು ನಂಬರ್ ಒತ್ರಿ, ನಿಲ್ಲತೈತಿ. ಆಮ್ಯಾಲ ನಡುವ ಟೂಂ ಟೂಂ ಅಂದ್ರ ಅಂಜಬ್ಯಾಡ್ರಿ. ಅದೂ ದಣಿದು ಸುಮ್ಮಾಗತೈತಿ. ಆಗ ಲೈನ್ ನಿಮ್ಮಿಬ್ಬರದಽ.”

ಶಿವಬಸವ್ವ ಎತ್ತಿದಳು. ಒಂದು ಗುಂಡಿ ಒತ್ತಿದಳು. ಗುಂಯ್ ನಿಂತಿತು. ಅದು ನಿಂತ ಜಾಗದಲ್ಲಿ ಒಂದು ಉಸಿರು ಕೇಳಿಸಿತು. ಅವಳು ಆ ಉಸಿರನ್ನು ಗುರುತಿಸಿದಳು. ಹೊಗೆ ಕುಡಿಯುತ್ತ ಒಲೆಯ ಮುಂದೆ ಇಪ್ಪತ್ತು ವರ್ಷ ತನ್ನ ಎಡಕ್ಕೆ ಕೂತಿದ್ದ ಉಸಿರು ಅದು. ಈ ಕಡೆ ಫೋನೆತ್ತಿದ್ದು ಕೇಳಿ ಅದು ತಡೆದು ನಿಂತಿತ್ತು.

“ಇಡಬ್ಯಾಡ,” ಎಂದಳು ಶಿವಬಸವ್ವ. “ನಾ ಓದತೀನಿ. ನೀ ಏನೂ ಅನಬ್ಯಾಡ, ಕೇಳು ಅಷ್ಟ.”

ಹಾಳೆಯನ್ನು ಬೆಳಕಿಗೆ ಹಿಡಿದಳು.

“ನನ್ನ ನೆಗೆಣ್ಣಿ ನಿಂಗವ್ವಗೆ ಶಿವಬಸವ್ವ ಮಾಡುವ ಶರಣು ಶರಣಾರ್ಥಿ. ಇತ್ತ ನಾವು ಕ್ಷೇಮ. ನಿಮ್ಮ ಕ್ಷೇಮವನ್ನು ನಿಮ್ಮ ಹಂಚಿನ ಮೇಲಿನ ಹೊಗೆ ನೋಡಿ ತಿಳಿಯುತ್ತೇನೆ.”

ಟೂಂ ಟೂಂ ಎಂದು ಶುರುವಾಯಿತು. ಅವಳು ನಿಲ್ಲಲಿಲ್ಲ. ದನಿ ಎತ್ತರಿಸಿ, ಬೆರಳನ್ನು ಸಾಲಿನ ಕೆಳಗೆ ಹಿಡಿದು, ಒಂದೊಂದೇ ಮಾತು ದಾಟಿಸುತ್ತ ಹೋದಳು.

“ನಿನ್ನ ಔಷಧದಲ್ಲಿ ದೋಷ ಇರಲಿಲ್ಲ. ಬೆಳಗಾವಿಯ ಡಾಕ್ಟರು ಕಾಗದ ನೋಡಿ ಹೇಳಿದರು. ಅವರ ಮೈ ಮೊದಲೇ ಕೆಟ್ಟಿತ್ತು. ನೀನು ಮಳೆಯಲ್ಲಿ ಕಾಡಿಗೆ ಹೋದಿ, ಕಾಲಿಗೆ ಉಂಬಳ ಹತ್ತಿ ರಕ್ತ ಸುರಿಯುತ್ತಿತ್ತು. ಬಂದವಳೇ ಕಾಲು ಸೈತ ತೊಳೆಯದೆ ಬೇರು ಅರೆಯಲು ಕೂತಿ. ಅದನ್ನು ನಾನು ಕಂಡಿದ್ದೆ. ಕಂಡೂ ಆ ಮಾತು ಅಂದೆ.”

ಟೂಂ ಟೂಂ ದಣಿಯಿತು. ಲೈನು ಸ್ವಚ್ಛವಾಗಿ ಸುಮ್ಮನಾಯಿತು. ಎಷ್ಟು ಸುಮ್ಮನೆ ಎಂದರೆ, ಆ ಕಡೆ ಒಲೆಯ ಮೇಲೆ ಎಸರು ಕುದಿಯುವುದೂ ಕೇಳಿಸಿತು. ಆ ಮೌನದೊಳಗಿಂದ, ಕಥೆ ಕೇಳುವವರು ಅನ್ನುವ ಹಾಗೆ, ಸಣ್ಣದೊಂದು ದನಿ ಬಂತು.

“ಹೂಂ.”

ಪ್ರಸಾದ ತಲೆ ತಗ್ಗಿಸಿದ. ಪ್ರಮಿಳಾ ಮೀಟರಿನ ಎಳೆಗಳನ್ನು ಮೆಲ್ಲಗೆ ಬಿಚ್ಚಿದಳು. ಇನ್ನು ಮುಳ್ಳಿನ ಕೆಲಸ ಇರಲಿಲ್ಲ. ಶಿವಬಸವ್ವನ ಕಣ್ಣಿನಲ್ಲಿ ಅಕ್ಷರ ಕದಡಿದವು. ಕಡೆಯ ಎರಡು ಸಾಲು ಅವಳಿಗೆ ಬಾಯಿಪಾಠ ಇದ್ದವು.

“ಮಂದಿ ಕೇಳುವಂತೆ ಅಂದದ್ದಕ್ಕೆ ಮಂದಿ ಕೇಳುವಂತೆಯೇ ತಪ್ಪಾಯಿತು ಅನ್ನಬೇಕು. ಅನ್ನುತ್ತೇನೆ. ಮೊದಲು ನಿನ್ನ ಕಿವಿಗೆ ಬೀಳಲಿ ಎಂದು ಇದನ್ನು ಬರೆದೆ. ಇಂತಿ, ನಿನ್ನ ಅಕ್ಕ ಶಿವಬಸವ್ವ.”

ಓದಿ ಮುಗಿಯಿತು. ಅವಳು ಫೋನು ಇಡಲಿಲ್ಲ, ಆ ಕಡೆಯೂ ಇಡಲಿಲ್ಲ.